ಗಡಿಬಿಡಿಯಮ್ಮನ ಮುಖ

ಇಷ್ಟೊಂದು ವಿಷಯ ನಿಮಗೆ ಎಲ್ಲಿಂದ ಹೊಳೆಯುತ್ತೆ ಅಂತ ಯಾರಾದರೂ ಕೇಳಿದರೆ ಸಾಕು, ಚಿತ್ರಕಾರ ಕುರ್ಚಿಗೆ ಒರಗಿ, ಕಿವಿಯ ಮೇಲೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಅಡುಗೆಮನೆಯ ಕಡೆ ತೋರಿಸುತ್ತಿದ್ದ.

“ಕಾರ್ಖಾನೆ ಅಲ್ಲಿದೆ ನೋಡಿ. ನಾನು ಬರೀ ಗುಮಾಸ್ತ.”

“ಕಾರ್ಖಾನೆಗೆ ಸಂಬಳ ಮಾತ್ರ ಇಲ್ಲ, ಅದನ್ನೂ ಹೇಳ್ರೀ!” ಅಂತ ಒಳಗಿಂದ ಅವನ ಹೆಂಡತಿ ಕೂಗುತ್ತಿದ್ದಳು.

ಬಂದವರು ಬಿದ್ದು ಬಿದ್ದು ನಗುತ್ತಿದ್ದರು. ಗಂಡ ಹೆಂಡತಿ ಈ ಮಾತನ್ನು ಸಾವಿರ ಸಲ ಆಡಿದ್ದರು, ಆದರೂ ಪ್ರತಿ ಸಲ ಈಗಷ್ಟೇ ಬಾಯಿಗೆ ಬಂತೇನೋ ಅನ್ನೋ ಹಾಗೆ ಆಡುತ್ತಿದ್ದರು. ಅದೂ ಒಂದು ಕಸುಬೇ ತಾನೇ.

ಅವನು ಪತ್ರಿಕೆಗೆ ದಿನಕ್ಕೊಂದು ನಗೆಚಿತ್ರ ಬರೆಯುತ್ತಿದ್ದ. ಒಂದೇ ಸಾಲಿನಲ್ಲಿ ಮೂರು ಚೌಕ. ಮೊದಲನೆಯದರಲ್ಲಿ ಗಡಿಬಿಡಿಯಮ್ಮ ಅನ್ನೋ ಹೆಂಗಸು ಏನೋ ಎಡವಟ್ಟು ಮಾಡುತ್ತಾಳೆ, ಎರಡನೆಯದರಲ್ಲಿ ಅದು ಬಯಲಾಗುತ್ತೆ, ಮೂರನೆಯದರಲ್ಲಿ ಅವಳ ಮೀಸೆ ಗಂಡ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಅಷ್ಟೇ. ಕೇಳೋಕೆ ಸುಲಭ, ಮಾಡಿ ನೋಡಿದವನಿಗೆ ಗೊತ್ತು. ಕಚೇರಿಯವರು ಅವನಿಗೆ ಮೂರುಚೌಕ ಅಂತಲೇ ಅಡ್ಡಹೆಸರು ಇಟ್ಟಿದ್ದರು.

ಬೆಳಿಗ್ಗೆ ಕಾಫಿ ಕುಡಿದವನೇ ಅಡುಗೆಮನೆಯ ಮೇಜಿನ ಮೂಲೆಯಲ್ಲಿ, ಕಿಟಕಿ ಎಡಕ್ಕೆ ಬರುವ ಹಾಗೆ ಕೂರುತ್ತಿದ್ದ. ಮುಂದಿನ ಕೋಣೆಯಲ್ಲಿ ಚಿತ್ರ ಬರೆಯೋಕೆ ಅಂತಲೇ ಮಾಡಿಸಿದ ಇಳಿಜಾರು ಹಲಗೆಯ ಮೇಜಿತ್ತು. ಅದರ ಮೇಲೆ ಒಗೆದ ಬಟ್ಟೆ ರಾಶಿ ಬಿದ್ದಿರುತ್ತಿತ್ತು. ಅವನಿಗೆ ಪಾತ್ರೆಯ ಸದ್ದು ಬೇಕು, ಹಾಲು ಉಕ್ಕಬೇಕು, ತರಕಾರಿಯವನ ಜೊತೆ ಆಡಿದ ಜಗಳವನ್ನು ಹೆಂಡತಿ ಈರುಳ್ಳಿ ಹೆಚ್ಚುತ್ತಾ ಹೇಳಬೇಕು. ಆಗಲೇ ಪೆನ್ಸಿಲ್ ಓಡೋದು. ಮೂರನೆಯ ಚೌಕ ಮೊದಲು ಬರೆಯುತ್ತಿದ್ದ, ಒಂದನೆಯದು ಕೊನೆಗೆ. ನಗು ಎಲ್ಲಿಗೆ ಹೋಗಿ ಮುಟ್ಟಬೇಕು ಅಂತ ಗೊತ್ತಿಲ್ಲದೆ ಹೊರಟವನು ಕೆಟ್ಟ ಅನ್ನೋದು ಅವನ ಸಿದ್ಧಾಂತ.

ಆ ಮನೆಗೆ ಒಂದು ಕಾನೂನಿತ್ತು. ಪೆನ್ಸಿಲಿನಲ್ಲಿ ಬರೆದದ್ದನ್ನು ಊಟದ ಹೊತ್ತಿಗೆ ಹೆಂಡತಿಗೆ ತೋರಿಸಬೇಕು. ಅವಳು ಒದ್ದೆ ಕೈ ಒರೆಸಿಕೊಂಡು, ಹಾಳೆಯನ್ನು ದೂರ ಹಿಡಿದು ನೋಡುತ್ತಿದ್ದಳು. ಮೂಗಿನಲ್ಲಿ ಪುಸಕ್ಕನೆ ನಗು ಬಂತೋ, ಅವನು ಶಾಯಿ ಬಾಟಲಿ ತೆರೆಯುತ್ತಿದ್ದ. “ಪರವಾಗಿಲ್ಲ” ಅಂದಳೋ, ಮುಗಿಯಿತು, ರಬ್ಬರ್ ತಗೋ. ಪರವಾಗಿಲ್ಲ ಅಂದ ಚಿತ್ರಕ್ಕೆ ಮದುವೆಯಾದಾಗಿನಿಂದ ಒಂದು ದಿನವೂ ಶಾಯಿ ಬಿದ್ದಿರಲಿಲ್ಲ. ಶಾಯಿ ಒಣಗಿದ ಮೇಲೆ ಚಿತ್ರವನ್ನು ಲಕೋಟೆಗೆ ಹಾಕಿ ಅವಳೇ ಬಸ್ ಹತ್ತಿ ಪತ್ರಿಕೆಗೆ ಕೊಟ್ಟು, ಹಾಗೇ ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದಳು. ಫೋಟೋ ತೆಗೆದು ಕಳಿಸಿ ಸಾಕು ಅಂತ ಕಚೇರಿಯವರು ಬೇಡಿಕೊಂಡರೂ ಅವನು ಒಪ್ಪಿರಲಿಲ್ಲ. ಫೋನಿನಲ್ಲಿ ಗೆರೆ ಸಾಯುತ್ತೆ ಅಂತ ಹಟ.

ಹೀಗಿರುವಾಗ ಒಂದು ವರ್ಷ ಅವನ ಬಾವಿ ಬತ್ತಿತು. ಏನು ಬರೆದರೂ ಪರವಾಗಿಲ್ಲ, ಪರವಾಗಿಲ್ಲ. ಪತ್ರಿಕೆಯಲ್ಲಿ ಹಳೆಯ ಚಿತ್ರಗಳೇ ತಿರುಗಿ ಬರತೊಡಗಿದವು. ಪತ್ರಿಕೆಗೆ ಹೊಸ ಸಂಪಾದಕ ಬಂದ, ನಯವಾಗಿ ಮಾತಾಡುವವನು. “ಸಾರ್, ತಪ್ಪು ತಿಳ್ಕೋಬೇಡಿ. ಗಡಿಬಿಡಿಯಮ್ಮ ಸ್ವಲ್ಪ ಹಳಸಲಾದಳು ಅನ್ನಿಸ್ತಿದೆ. ಆ ಜಾಗಕ್ಕೆ ಪದಬಂಧ ಹಾಕೋಣ ಅಂತಿದೀವಿ,” ಅಂದ. ಪದಬಂಧ! ಅವನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಮನೆಗೆ ಬಂದು ಮೇಜಿನ ಮೂಲೆಯಲ್ಲಿ ಕೂತವನು ತಿಂಗಳುಗಟ್ಟಲೆ ನಗಲಿಲ್ಲ. ಊಟಕ್ಕೆ ಕರೆದರೆ ಬಂದ, ಕರೆಯದಿದ್ದರೆ ಇಲ್ಲ. “ಸರಕೇ ಇಲ್ಲ ಕಣೇ, ಸರಕೇ ಇಲ್ಲ,” ಅಂತ ಗೊಣಗುತ್ತಾ ಪೆನ್ಸಿಲ್ ಕೆತ್ತಿ ಕೆತ್ತಿ ಮುಗಿಸುತ್ತಿದ್ದ. ಅವಳು ಅವನನ್ನೇ ನೋಡುತ್ತಾ ಓಡಾಡುತ್ತಿದ್ದಳು.

ಒಂದು ಬೆಳಿಗ್ಗೆ ಹಾಲಿಗೆ ಅಂತ ಫ್ರಿಜ್ ತೆಗೆದರೆ, ಹಾಲಿನ ಪಕ್ಕದಲ್ಲಿ ಅವನ ಬಿಳಿ ಅಂಗಿ. ಇಸ್ತ್ರಿ ಮಾಡಿ, ನೀಟಾಗಿ ಮಡಚಿ, ಮೇಲೆ ಗುಂಡಿ ಹಾಕಿದ್ದ ಅಂಗಿ.

“ಏನೇ ಇದು? ಅಂಗಿಗೆ ಸೆಕೆ ಆಯ್ತಾ?”

ಅವಳು ಬಂದಳು. ಅಂಗಿ ನೋಡಿದಳು, ಅವನನ್ನು ನೋಡಿದಳು. ಹುಬ್ಬು ಮೇಲೆ ಹೋಯಿತು, ಬಾಯಿ ಅರ್ಧ ತೆರೆದು ಹಾಗೇ ನಿಂತಿತು, ಕೈಯಲ್ಲಿದ್ದ ಒರೆಸುವ ಬಟ್ಟೆ ಹುರಿಯಾಗಿ ಸುತ್ತಿಕೊಂಡಿತು. ಒಂದೇ ಕ್ಷಣ. ಅಷ್ಟರಲ್ಲಿ ಇವನಿಗೆ ನಗು ತಡೆಯಲಾಗಲಿಲ್ಲ. ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದ ನಗು, ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವಳು ಅವನು ನಗುವುದನ್ನು ಕೊನೆಯವರೆಗೂ ನೋಡಿದಳು. ಆಮೇಲೆ ತಾನೂ ನಕ್ಕು, “ನಿಮಗೋಸ್ಕರ ಮಾಡಿದ್ದು ಕಣ್ರೀ. ಸರಕಿಲ್ಲ ಸರಕಿಲ್ಲ ಅಂತ ಗೋಳಾಡ್ತಿದ್ರಲ್ಲ!” ಅಂದಳು.

ಅವನು ಕರಗಿಹೋದ. ಇಂಥ ಹೆಂಡತಿ ಯಾರಿಗುಂಟು ಯಾರಿಗಿಲ್ಲ! ಪೆನ್ಸಿಲ್ ಹಿಡಿದ, ಅವಳ ಆ ಒಂದು ಕ್ಷಣದ ಮುಖ ಇದ್ದದ್ದು ಇದ್ದ ಹಾಗೇ ಹಾಳೆಗೆ ಇಳಿಯಿತು. ಎತ್ತಿದ ಹುಬ್ಬು, ಅರ್ಧ ತೆರೆದ ಬಾಯಿ, ಹುರಿಯಾದ ಬಟ್ಟೆ. ಅಳಿಸಿ ತಿದ್ದುವ ಕೆಲಸವೇ ಬೀಳಲಿಲ್ಲ. ಊಟದ ಹೊತ್ತಿಗೆ ಹೆಂಡತಿ ಅದನ್ನು ದೂರ ಹಿಡಿದು ನೋಡಿದಳು, ತುಂಬಾ ಹೊತ್ತು ನೋಡಿದಳು. ಆಮೇಲೆ ಮೂಗಿನಲ್ಲಿ ನಕ್ಕಳು. ನಗು ತಡವಾಗಿ ಬಂತು ಅನ್ನೋದು ಅವನಿಗೆ ಎಷ್ಟೋ ದಿನ ಕಳೆದ ಮೇಲೆ ನೆನಪಾಯಿತು. ಆಗ ನೆನಪಾಗಿ ಏನು ಬಂತು?

ಚಿತ್ರ ಅಚ್ಚಾದ ದಿನ ಬಸ್ಸಿನಲ್ಲಿ ಜನ ಅದನ್ನು ಪಕ್ಕದವರಿಗೆ ತೋರಿಸಿಕೊಂಡು ನಕ್ಕರಂತೆ. ಪದಬಂಧದ ಮಾತು ಅಲ್ಲಿಗೇ ನಿಂತಿತು. “ಆ ಮುಖ ಇದೆಯಲ್ಲ ಸಾರ್, ಆ ಮುಖಾನೇ ಸಾಕು!” ಅಂದ ಸಂಪಾದಕ. ಅಲ್ಲಿಂದ ಮುಂದೆ ಮನೆಯಲ್ಲಿ ಸುಗ್ಗಿಯೋ ಸುಗ್ಗಿ. ಒಂದು ಕಾಲಿಗೆ ಅವನ ಚಪ್ಪಲಿ, ಇನ್ನೊಂದಕ್ಕೆ ತನ್ನದು ಹಾಕಿಕೊಂಡು ಮಾರ್ಕೆಟ್ಟಿಗೆ ಹೋಗಿ ಬಂದಳು. ಟಿವಿಯ ರಿಮೋಟು ಹಿಡಿದು, “ಹಲೋ ಹಲೋ” ಅಂದಳು. ಒಂದೇ ಬೆಳಿಗ್ಗೆ ಗಿಡಕ್ಕೆ ಐದಾರು ಸಲ ನೀರು ಹಾಕಿ ಕೊಳೆಸಿದಳು. ಅವನು “ಏನೇ!” ಅಂದಾಗಲೆಲ್ಲ ಅದೇ ಹುಬ್ಬು, ಅದೇ ಬಾಯಿ, ಒಂದು ಕ್ಷಣ, ಆಮೇಲೆ, “ಹೇಗಿದೆ ಇವತ್ತಿನ ಸರಕು?”

ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಇವನ ಕಥೆ ಅದು. ಲೋಕದವರ ಮುಖವೆಲ್ಲ ಓದಿದವನು ಮನೆಯವಳ ಮುಖ ಬರೆದನೇ ಹೊರತು ಓದಲಿಲ್ಲ. ಕೈಗೆ ಗೊತ್ತಾಗಿತ್ತು, ತಲೆಗೆ ಹತ್ತಲಿಲ್ಲ.

ಸ್ವಲ್ಪ ಕಾಲಕ್ಕೆ ಅವಳ ನಡಿಗೆ ಬದಲಾಯಿತು. ಅಂಗಾಲು ನೆಲಕ್ಕೆ ಅಂಟಿಕೊಂಡ ಹಾಗೆ, ಕಾಲೆತ್ತದೆ, ಅಗಲಗಲವಾಗಿ ಇಟ್ಟು ಸರಿಯುತ್ತಾ ನಡೆಯತೊಡಗಿದಳು. ಮೊದಲು ನೋಡಿದ್ದು ಇವನೇ. ನೋಡದೆ ಇರುತ್ತಾನೆಯೇ, ನೋಡೋದೇ ಅವನ ಅನ್ನ! ಎದ್ದು ಹೋಗಿ ಹೊಸ ಹಾಳೆ ತಂದ.

“ಎಲ್ಲಿ, ಇನ್ನೊಂದು ಸಲ ಒಲೆಯಿಂದ ಬಾಗಿಲ ತನಕ ನಡಿ.”

ನಡೆದಳು.

“ಇನ್ನೊಂದು ಸಲ. ತಿರುಗೋವಾಗ ನಿಧಾನ... ಹಾಂ, ಹಾಗೆ! ಎಲ್ಲಿ ಕಲಿತೆಯೇ ಇದನ್ನ?”

“ಬಂತು ರೀ, ಹಾಗೇ,” ಅಂದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಅವನು ಆ ಹಿಡಿದ ಕೈಯನ್ನೂ ಬರೆದುಕೊಂಡ. ಆ ನಡಿಗೆ ಪತ್ರಿಕೆಯ ವಾರ್ಷಿಕ ಸಂಚಿಕೆಯಲ್ಲಿ ದೊಡ್ಡದಾಗಿ ಬಂತು. ಶಾಲೆಗಳಲ್ಲಿ ಮಕ್ಕಳು ಗಡಿಬಿಡಿಯಮ್ಮನ ನಡಿಗೆ ನಡೆದು ತೋರಿಸುತ್ತಿದ್ದರಂತೆ.

ಮಗಳು ಬೇರೆ ಊರಿನಲ್ಲಿ ಸಂಸಾರ ಮಾಡಿಕೊಂಡಿದ್ದವಳು, ರಜೆಗೆ ಬಂದಳು. ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ ಅಪ್ಪನನ್ನು ಹಿತ್ತಲಿಗೆ ಕರೆದಳು.

“ಅಪ್ಪಾ, ಅಮ್ಮ ನನ್ನನ್ನ ಚಿಕ್ಕಮ್ಮನ ಹೆಸರಿಂದ ಕರೀತಿದಾಳೆ. ನಡೆಯೋದು ನೋಡಿದ್ರೆ ಹೆದರಿಕೆ ಆಗುತ್ತೆ. ಡಾಕ್ಟರಿಗೆ ತೋರಿಸೋಣ.”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಥೇಟ್ ಮೂರನೆಯ ಚೌಕದ ಗಂಡನೇ. “ಅಯ್ಯೋ ಪೆದ್ದಿ! ನಿನ್ನನ್ನೂ ಏಮಾರಿಸಿದಳಾ? ಅದೆಲ್ಲ ನನಗೋಸ್ಕರ ಮಾಡೋದು ಕಣೇ. ನಾಟಕ! ಬಾ, ಅವಳ ಬಾಯಿಂದಲೇ ಕೇಳು.” ಒಳಗೆ ಕರೆದುಕೊಂಡು ಹೋಗಿ, “ಹೇಳೇ ಇವಳಿಗೆ,” ಅಂದ.

ಅವಳು ಮಗಳ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಗಂಡನ ಮುಖದಲ್ಲಿ ಎಷ್ಟು ಸಂತೋಷವಿತ್ತು! “ಹೌದು ಕಣೇ,” ಅಂದಳು. “ನಿಮ್ಮಪ್ಪನ ಹೊಟ್ಟೆಪಾಡು. ಮುದುಕಿ ಕಾಲದಲ್ಲಿ ಹೆಂಡತಿ ಕೈಲಿ ಡೊಂಬರಾಟ ಆಡಿಸ್ತಿದಾರೆ.” ಮಗಳು ಅರೆಮನಸ್ಸಿನಿಂದ ನಕ್ಕಳು. ರಜೆ ಮುಗಿಸಿಕೊಂಡು ಹೋದಳು.

ಆಮೇಲೆ ಒಂದು ಚಳಿಗಾಲದ ದಿನ. ಅವಳು ಎಂದಿನಂತೆ ಲಕೋಟೆ ತೆಗೆದುಕೊಂಡು ಹೊರಟಳು. ಮಧ್ಯಾಹ್ನ ಸಂಪಾದಕನ ಫೋನು: ಚಿತ್ರ ಇನ್ನೂ ಬಂದಿಲ್ಲ. ಹೆಂಡತಿಗೆ ಫೋನು ಮಾಡಿದರೆ, ಗಂಟೆ ಬಾರಿಸಿದ್ದು ಮನೆಯ ಅಕ್ಕಿ ಡಬ್ಬಿಯೊಳಗೆ. ಅವನಿಗೆ ನಗು ಬಂತು. “ಇವತ್ತು ದೊಡ್ಡ ಸರಕೇ ತರ್ತಾಳೆ, ಸ್ವಲ್ಪ ಕಾಯಿರಿ,” ಅಂತ ಸಂಪಾದಕನಿಗೆ ಹೇಳಿದ. ಹೇಳಿ ಸುಮ್ಮನಿರದೆ ಹಾಳೆ ಎಳೆದುಕೊಂಡ. ಗಡಿಬಿಡಿಯಮ್ಮ ದಾರಿ ತಪ್ಪಿದಳು. ಗಡಿಬಿಡಿಯಮ್ಮ ಪೊಲೀಸಿನವನಿಗೇ ದಾರಿ ಹೇಳಿದಳು. ಮೂರನೆಯ ಚೌಕದ ಗಂಡ ಇವತ್ತು ನಕ್ಕು ನಕ್ಕು ಕುರ್ಚಿಯಿಂದ ಬಿದ್ದರೆ ಹೇಗೆ? ಬಹಳ ದಿನಗಳ ಮೇಲೆ ಕೈ ಇಷ್ಟು ಸಲೀಸಾಗಿ ಓಡಿತ್ತು. ಕಿಟಕಿಯ ಬೆಳಕು ಕೆಂಪಾಗಿ, ಗೆರೆ ಕಾಣದಂತಾದಾಗಲೇ ಅವನಿಗೆ ಎಚ್ಚರ. ಚಪ್ಪಲಿ ಹುಡುಕುವಷ್ಟರಲ್ಲಿ ಮತ್ತೆ ಸಂಪಾದಕನೇ ಫೋನು ಮಾಡಿದ. ಊರಾಚೆ ಕೊನೆಯ ನಿಲ್ದಾಣದಲ್ಲಿ ಒಬ್ಬ ಹೆಂಗಸು ಇದ್ದಾಳಂತೆ, ಲಕೋಟೆಯ ಮೇಲಿನ ವಿಳಾಸ ನೋಡಿ ಕಂಡಕ್ಟರು ಕಚೇರಿಗೆ ತಿಳಿಸಿದ್ದಾನಂತೆ.

ಅವನು ಹೋದಾಗ ಅವಳು ಸಿಮೆಂಟಿನ ಬೆಂಚಿನ ಮೇಲೆ ಕೂತಿದ್ದಳು. ಮಂಡಿ ತರಚಿತ್ತು, ಬಟ್ಟೆ ಒದ್ದೆಯಾಗಿತ್ತು. ಲಕೋಟೆಯನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಿದ್ದಳು. ಕಂಡಕ್ಟರು ಒಳ್ಳೆಯವನು, ಟೀ ಕುಡಿಸಿದ್ದ.

“ತಪ್ಪು ತಿಳ್ಕೋಬೇಡಿ ಸಾರ್,” ಅಂದ ಅವನು. “ಇಳಿಯೋವಾಗ ಬಿದ್ರು. ಬಸ್ಸಿನಲ್ಲಿದ್ದವರೆಲ್ಲ ನಕ್ಕುಬಿಟ್ರು. ಪೇಪರಿನಲ್ಲಿ ಬರ್ತಾಳಲ್ಲ, ಅವಳ ಹಾಗೇ ಇದಾರೆ ಅಂತ. ನಾನೂ ನಕ್ಕೆ. ಆಮೇಲೆ ನೋಡಿದ್ರೆ ಅಳ್ತಿದ್ರು.”

ಚಿತ್ರಕಾರ ಅವಳ ಪಕ್ಕ ಕೂತ. ಅವಳು ಲಕೋಟೆಯನ್ನು ಅವನ ತೊಡೆಯ ಮೇಲೆ ಇಟ್ಟಳು.

“ರೀ, ಒಂದು ಮಾತು ಹೇಳ್ತೀನಿ. ನಗಬೇಡಿ.”

“ಇಲ್ಲ ಹೇಳು.”

“ಒಂದೂ ನಿಮಗೋಸ್ಕರ ಮಾಡಿದ್ದಲ್ಲ. ಅಂಗಿಯಿಂದ ಹಿಡಿದು ಒಂದೂ ಅಲ್ಲ. ಅಂಗಿ ಅಲ್ಲಿಗೆ ಹೇಗೆ ಹೋಯ್ತು ಅಂತ ನನಗೆ ಗೊತ್ತೇ ಇಲ್ಲ. ಹೇಳ್ಬೇಕು ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ನೀವು ನಕ್ಕುಬಿಟ್ರಿ. ಎಷ್ಟು ದಿನದ ಮೇಲೆ ನಕ್ಕಿದ್ರಿ ರೀ... ಹೇಳೋಕೆ ಮನಸ್ಸೇ ಬರಲಿಲ್ಲ.”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಗಾದೆ ಅವನಿಗೆ ಬರದೇ ಏನಿರಲಿಲ್ಲ, ಅದನ್ನು ಇಟ್ಟುಕೊಂಡೇ ಒಂದು ವಾರ ನಗೆಚಿತ್ರ ನಡೆಸಿದ್ದ. ಈಗ ಬೆಂಚಿನ ಮೇಲೆ ಕೂತು ಅವಳ ಕಾಲಿನ ಮಣ್ಣು ಒರೆಸಿದ.

ಡಾಕ್ಟರು ಮಿದುಳಿನ ಚಿತ್ರಗಳನ್ನು ದೀಪದ ಹಲಗೆಗೆ ಸಿಕ್ಕಿಸಿ ನೋಡಿದರು. ತಲೆಯೊಳಗೆ ನೀರು ಕಟ್ಟಿಕೊಂಡಿದೆ ಅಂದರು. ಮರೆವು, ನಡಿಗೆ ಎಲ್ಲ ಅದರದೇ ಕೆಲಸ.

“ನಡಿಗೆ ಯಾವಾಗಿಂದ ಹೀಗಿದೆ?”

ಅದಕ್ಕೆ ಮಾತ್ರ ಅವನ ಬಳಿ ಉತ್ತರ ಸಿದ್ಧವಿತ್ತು. ವಾರ್ಷಿಕ ಸಂಚಿಕೆಯ ಹೊತ್ತಿಗೆ ಶುರುವಾಗಿದ್ದು. ಮೊದಲು ಬಲಗಾಲು, ಆಮೇಲೆ ಎರಡೂ. ತಿರುಗುವಾಗ ಒಂದೇ ಸಲಕ್ಕೆ ತಿರುಗಲಾರಳು, ಪುಟ್ಟ ಪುಟ್ಟ ಹೆಜ್ಜೆ ಬೇಕು. ಎಡಗೈ ಯಾವಾಗಲೂ ಆಸರೆ ಹುಡುಕುತ್ತೆ. ಡಾಕ್ಟರು ಬರೆದುಕೊಳ್ಳುವುದನ್ನು ನಿಲ್ಲಿಸಿ ತಲೆ ಎತ್ತಿದರು.

“ಮನೆಯವರು ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿದ್ದು ನಾನು ಕಂಡಿಲ್ಲ. ಇಷ್ಟೆಲ್ಲ ನೋಡಿದೋರು ಆಗಲೇ ಯಾಕೆ ಕರ್ಕೊಂಡು ಬರಲಿಲ್ಲ?”

ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿಕೊಂಡ.

“ಅವರಿಗೆ ಕೆಲಸ ಇತ್ತು ಡಾಕ್ಟ್ರೇ,” ಅಂದಳು ಹೆಂಡತಿ.

ರಾತ್ರಿ ಹಾಸಿಗೆ ಒದ್ದೆ ಆಗುತ್ತಾ ಅಂತ ಡಾಕ್ಟರು ಕೇಳಿದರು. ಇಲ್ಲ ಅಂದ ಅವನು. ಅವಳು ತಲೆ ತಗ್ಗಿಸಿದಳು. ಬೆಳಗಾಗುವ ಮುಂಚೆ ಎದ್ದು ಹಾಸಿಗೆ ಬಟ್ಟೆ ಯಾಕೆ ಒಗೆಯುತ್ತಿದ್ದಳು ಅನ್ನೋದು ಅವನಿಗೆ ಆಗ ತಿಳಿಯಿತು. ಅದೊಂದನ್ನು ಮಾತ್ರ ಅವಳು ಸರಕಿಗೆ ಕೊಟ್ಟಿರಲಿಲ್ಲ.

ತಲೆಯಿಂದ ಹೊಟ್ಟೆಗೆ ಸಣ್ಣ ಕೊಳವೆ ಹಾಕಿ ನೀರು ಇಳಿಸಬಹುದು ಅಂದರು ಡಾಕ್ಟರು. ಆ ನಡಿಗೆ ಶುರುವಾದ ಕಾಲಕ್ಕೇ ಬಂದಿದ್ದರೆ ಬಹುಪಾಲು ಮೊದಲಿನ ಹಾಗೇ ಆಗುವ ಸಾಧ್ಯತೆ ಇತ್ತು. ಈಗಲೂ ಹಾಕೋಣ, ನಡಿಗೆ ಒಂದಿಷ್ಟು ಸುಧಾರಿಸಬಹುದು. ಹೋದ ನೆನಪಿಗೆ ಮಾತ್ರ ಆಸೆ ಇಟ್ಟುಕೊಳ್ಳಬೇಡಿ.

ಆಪರೇಷನ್ ಆಯಿತು. ನಡಿಗೆ ಒಂದಿಷ್ಟು ನೆಟ್ಟಗಾಯಿತು. ಉಳಿದದ್ದು ಡಾಕ್ಟರು ಹೇಳಿದ ಹಾಗೇ ಆಯಿತು. ಮಗಳು ಬಂದು ಒಂದು ತಿಂಗಳು ಇದ್ದಳು. ಅಪ್ಪನನ್ನು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಹೋಗುವ ದಿನ ಮಾತ್ರ, “ನೀನು ಅಮ್ಮನ ಬಾಯಿಂದಲೇ ಕೇಳು ಅಂದಾಗ ನಾನಾದ್ರೂ ನಂಬಬಾರದಿತ್ತು ಅಪ್ಪಾ,” ಅಂದಳು.

ಪತ್ರಿಕೆಯವರು ಹಳೆಯ ಚಿತ್ರಗಳನ್ನೇ ಮತ್ತೆ ಹಾಕಿ ದಿನ ದೂಡಿದರು. ಕೊನೆಗೆ ಸಂಪಾದಕ ಕೇಳಿದ. “ಸಾರ್, ಜನ ಕೇಳ್ತಿದಾರೆ. ಒಂದೇ ಒಂದು ಕೊಡಿ. ನಿಮಗೂ ಮನಸ್ಸಿಗೆ ಒಳ್ಳೇದು.”

ಅವನು ಅಡುಗೆಮನೆಯ ಮೇಜಿನ ಮೂಲೆಯಲ್ಲಿ ಕೂತ. ಪಾತ್ರೆಯ ಸದ್ದಿಲ್ಲ, ಅನ್ನ ಸಾರು ಬೆಳಿಗ್ಗೆಯೇ ಅವನೇ ಮಾಡಿ ಮುಚ್ಚಿಟ್ಟಿದ್ದ. ಎದುರಿಗೆ ಹೆಂಡತಿ ಬಟಾಣಿ ಸುಲಿಯುತ್ತಾ, ಕಾಳನ್ನು ಸಿಪ್ಪೆಯ ರಾಶಿಗೆ ಹಾಕುತ್ತಾ ಕೂತಿದ್ದಳು. ಅಭ್ಯಾಸಬಲ, ಮೂರನೆಯ ಚೌಕದಿಂದ ಶುರು ಮಾಡಿದ. ಮೀಸೆ ಗಂಡ ನಕ್ಕ. ಪಕ್ಕದಲ್ಲಿ ಗಡಿಬಿಡಿಯಮ್ಮ, ಕೈ ತಾನಾಗಿ ಆ ಹುಬ್ಬು, ಆ ಬಾಯಿ, ಆ ಹುರಿಯಾದ ಬಟ್ಟೆಯನ್ನು ಬರೆಯಿತು. ಉಳಿದೆರಡು ಚೌಕ ಖಾಲಿ ಉಳಿದವು. ಊಟದ ಹೊತ್ತಾಯಿತು. ಕಾನೂನು ಕಾನೂನೇ ಅಂತ ಹಾಳೆಯನ್ನು ಅವಳ ಕೈಗೆ ಕೊಟ್ಟ.

ಅವಳು ಕೈ ಒರೆಸಿಕೊಂಡು, ಹಾಳೆಯನ್ನು ದೂರ ಹಿಡಿದಳು. ಅದು ಮರೆತಿರಲಿಲ್ಲ.

“ಯಾರು ರೀ ಇವಳು?”

ಅವನು ಪೆನ್ಸಿಲ್ ಕೆಳಗಿಟ್ಟ.

“ಪಾಪ, ಎಷ್ಟು ಹೆದರಿದಾಳೆ ನೋಡಿ,” ಅಂದಳು. ಬೆರಳಿನಿಂದ ಆ ಮುಖವನ್ನು ಸವರಿದಳು. “ಈ ಗಂಡಸು ಯಾಕೆ ಹೀಗೆ ನಗ್ತಿದಾನೆ? ಅವನಿಗೆ ಕಣ್ಣು ಕಾಣಲ್ವಾ?”

ಅವನಿಗೆ ದುಃಖ ಒತ್ತರಿಸಿ ಬಂತು. ಹಾಳೆ ಇಸಿದುಕೊಂಡು, ರಬ್ಬರ್ ತೆಗೆದು ಆ ಗಂಡಸನ್ನು ತಿಕ್ಕಿ ತಿಕ್ಕಿ ಅಳಿಸಿದ. ಮೀಸೆ ಹೋಯಿತು, ಹಲ್ಲು ಹೋಯಿತು, ಹೊಟ್ಟೆ ಹೋಯಿತು, ಕಾಗದ ಹರಿಯುವುದೊಂದು ಬಾಕಿ. ಚೌಕದಲ್ಲಿ ಅವಳೊಬ್ಬಳೇ ಉಳಿದಳು. ಮತ್ತೆ ತೋರಿಸಿದ.

ಹೆಂಡತಿ ನೋಡಿ ಗಾಬರಿಯಾದಳು. “ಅಯ್ಯೋ, ಅವನನ್ನ ಯಾಕೆ ಅಳಿಸಿದ್ರಿ? ಈಗ ಒಬ್ಬಳೇ ಆಗಿಬಿಟ್ಟಳಲ್ಲ! ಇನ್ನೂ ಹೆದರ್ತಾಳೆ.”

ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಗಂಡಸನ್ನು ಅದೇ ಜಾಗದಲ್ಲಿ ಇನ್ನೊಂದು ಸಲ ಬರೆದ. ಈ ಸಲ ಅವನು ನಗುತ್ತಿರಲಿಲ್ಲ. ಅವಳ ಕೈಯಲ್ಲಿದ್ದ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡು ಅವಳ ಮುಖ ನೋಡುತ್ತಾ ನಿಂತಿದ್ದ. ಅಷ್ಟು ಬರೆಯೋಕೆ ಅನ್ನ ಆರಿಹೋಗುವಷ್ಟು ಹೊತ್ತು ಹಿಡಿಯಿತು.

ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಮೂಗಿನಲ್ಲಿ ನಗು ಬರಲಿಲ್ಲ.

“ಪರವಾಗಿಲ್ಲ,” ಅಂದಳು.

ಅವನು ಶಾಯಿ ಬಾಟಲಿಯನ್ನು ಕಪಾಟಿನೊಳಗೆ ಇಟ್ಟು, ಸಿಪ್ಪೆಯ ರಾಶಿಯಿಂದ ಬಟಾಣಿ ಕಾಳು ಆರಿಸತೊಡಗಿದ.